ಗ್ಯಾಸ್ ಪೈಪನ್ನು ಟೈಲ್ಸ್ ಹಿಂದೆ ಬಚ್ಚಿಡಬೇಡಿ

ಬೆಂಗಳೂರಿನಲ್ಲಿ ಈಗ ಅಡುಗೆಮನೆ ಹೊಸದಾಗಿ ಮಾಡಿಸುವವರು ಜಾಸ್ತಿ ಜನ ಸಿಲಿಂಡರನ್ನು ಅಡುಗೆಮನೆ ಪಕ್ಕದ ಯುಟಿಲಿಟಿ ಜಾಗಕ್ಕೆ ದಾಟಿಸುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿಂದ ಒಲೆಗೆ ಯಾವ ಪೈಪ್ ಎಳೆದಿದ್ದಾರೆ ಅಂತ ಕೇಳಿ ನೋಡಿ. ಲ್ಯಾಮಿನೇಟ್ ಬಣ್ಣಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡವರೂ "ಇಂಟೀರಿಯರ್‌ನವರು ಏನೋ ಹಾಕಿದ್ರು" ಅನ್ನುತ್ತಾರೆ.

ಕೆಲವರು ರಬ್ಬರ್ ಹೋಸನ್ನೇ ಗೋಡೆಯ ತೂತಿನಲ್ಲಿ ತೂರಿಸಿಬಿಡುತ್ತಾರೆ. ಅದು ಬೇಡವೇ ಬೇಡ. ಆ ಕಿತ್ತಳೆ ಬಣ್ಣದ ಸುರಕ್ಷಾ ಹೋಸ್ ಇರುವುದು ಒಂದೂವರೆ ಮೀಟರ್ ಒಳಗಿನ ಕೆಲಸಕ್ಕೆ, ಅದೂ ಕಣ್ಣಿಗೆ ಕಾಣುವ ಕಡೆ. 5 ವರ್ಷಕ್ಕೆ ಬದಲಾಯಿಸಬೇಕು. ಗೋಡೆಯೊಳಗೆ ಅದು ಬಿರುಕು ಬಿಟ್ಟಿದೆಯಾ, ಇಲಿ ಕಡಿದಿದೆಯಾ ಅಂತ ಯಾರು ನೋಡಬೇಕು? ಇನ್ನು ನೀರಿನ ಪಿವಿಸಿ, ಸಿಪಿವಿಸಿ ಪೈಪನ್ನಂತೂ ಗ್ಯಾಸಿಗೆ ಬಳಸಲೇಬಾರದು.

ಉಳಿಯುವುದು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ, ಮತ್ತು ತಾಮ್ರ. ಜಿಐ ಗಟ್ಟಿ, ಪೆಟ್ಟು ತಡೆಯುತ್ತದೆ, ಹೊರಗೋಡೆಗೆ ಅದೇ ಸರಿ. ಆದರೆ ತಿರುವಿಗೊಂದು ಎಲ್ಬೋ (ಮೊಣಕೈಯಂಥ ಬಾಗಿದ ತುಂಡು) ಬೇಕು, ಎಲ್ಬೋಗೆ ಎರಡು ಥ್ರೆಡ್ (ತಿರುಪಿನ ಜೋಡಣೆ), ಒಂದೊಂದು ಥ್ರೆಡ್ಡೂ ಗ್ಯಾಸ್ ಸೋರಬಹುದಾದ ಜಾಗ. ತಾಮ್ರವನ್ನು ಬಗ್ಗಿಸಬಹುದು. ಮನೆಯೊಳಗಿನ ಸಣ್ಣ ದೂರಕ್ಕೆ ನಡುವೆ ಜಾಯಿಂಟೇ ಇಲ್ಲದೆ ಒಂದೇ ತುಂಡು ಎಳೆಯಬಹುದು. ನನ್ನ ಓಟು ಅದಕ್ಕೇ. ಆದರೆ ತಾಮ್ರ ಮೆತ್ತಗಿನ ಲೋಹ, ಗೋಡೆಗೆ ಮೊಳೆ ಹೊಡೆಯುವಾಗ ತಗುಲಿದರೆ ಮುಗೀತು, ಅದಕ್ಕೇ ಟೈಲ್ಸ್ ಮೇಲೆ ಕಾಣುವ ಹಾಗೆ ಕ್ಲಾಂಪ್ ಹಾಕಿಸಿ ಅನ್ನುವುದು. ಗೋಡೆ ದಾಟುವ ಕಡೆ ಮಾತ್ರ ಪೈಪಿನ ಸುತ್ತ ಒಂದು ಸ್ಲೀವ್, ಅಂದರೆ ಹೊರಕೊಳವೆ, ಇರಲಿ. ಎಲ್ಲಾದರೂ ಜಾಯಿಂಟ್ ಬೇಕೇ ಬೇಕು ಅಂದರೆ ಬ್ರೇಜಿಂಗ್, ಅಂದರೆ ಹೆಚ್ಚು ಕಾವಿಗೆ ಮಾತ್ರ ಕರಗುವ ಲೋಹದ ಬೆಸುಗೆ, ಮಾಡಿಸಿ. ಸಾದಾ ಸೀಸದ ಬೆಸುಗೆ ಬೆಂಕಿಯ ಕಾವಿಗೆ ಬೇಗ ಕರಗಿಬಿಡುತ್ತದೆ.

ಗ್ಯಾಸ್ ಬಂದ್ ಮಾಡುವ ಹಿತ್ತಾಳೆಯ ಬಾಲ್ ವಾಲ್ವ್ ಒಲೆ ಹತ್ತಿರ ಕೈಗೆ ಸಿಗುವ ಹಾಗೆ ಇರಲಿ. ಥ್ರೆಡ್ಡಿಗೆ ನಲ್ಲಿಗೆ ಸುತ್ತುವ ತೆಳು ಬಿಳಿ ಟೇಪ್ ಸಾಲದು, ಗ್ಯಾಸಿಗೆ ಅಂತಲೇ ದಪ್ಪನೆಯ ಹಳದಿ ಟೇಪ್ ಸಿಗುತ್ತದೆ. ಕೆಲಸ ಮುಗಿದ ಮೇಲೆ ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ ನೋಡಲೇಬೇಕು. ಒಲೆಗೆ ಬರುವ ಒತ್ತಡ ಎಲ್‌ಪಿಜಿಯಲ್ಲಿ ಸುಮಾರು 30 ಮಿಲಿಬಾರ್, ಪಿಎನ್‌ಜಿಯಲ್ಲಿ (ಪೈಪಿನಲ್ಲಿ ಮನೆಗೆ ಬರುವ ನೈಸರ್ಗಿಕ ಅನಿಲ) 21. ಇಷ್ಟು ಕಡಿಮೆ ಇರುವಾಗ ಸಣ್ಣದಾಗಿ ಸೋರಿದರೆ ಸದ್ದೂ ಕೇಳುವುದಿಲ್ಲ.

ಮತ್ತೊಂದು ವಿಷಯ, ಪಿಎನ್‌ಜಿ ಗಾಳಿಗಿಂತ ಹಗುರ, ಮೇಲೇರುತ್ತದೆ. ಎಲ್‌ಪಿಜಿ ಭಾರ, ಕೆಳಗೆ ಇಳಿದು ಕೂರುತ್ತದೆ. ಹಾಬ್ (ಕಟ್ಟೆಯೊಳಗೆ ಕೂರಿಸುವ ಒಲೆ) ಇಟ್ಟವರ ಮನೆಯಲ್ಲಿ ಕೊನೆಯ ಜಾಯಿಂಟ್ ಇರುವುದೇ ಮುಚ್ಚಿದ ಕ್ಯಾಬಿನೆಟ್ ಒಳಗೆ, ಅಲ್ವಾ? ಸಿಲಿಂಡರ್ ಗ್ಯಾಸ್ ಆದರೆ ಆ ಶಟರಿನ ಕೆಳಭಾಗದಲ್ಲಿ ಗಾಳಿಕಿಂಡಿ ಕೊರೆಸಿ. ಲುಕ್ ಹಾಳಾಗುತ್ತದೆ ಅಂತ ಕಾರ್ಪೆಂಟರ್ ಗೊಣಗುತ್ತಾರೆ. ಗೊಣಗಲಿ ಬಿಡಿ.