ಒಂದು ಕಿಲೋಮೀಟರ್ ಆಚೆಯ ಬಾಡಿಗೆ

ಬೆಳಗಿನ ಜಾವ ನಾಲ್ಕೂವರೆ. ಜೋಹೋರ್ ಬಾರುವಿನಲ್ಲಿ ಬೆಳಕು ಹರಿಯಲು ಇನ್ನೂ ಎರಡು ಗಂಟೆಯ ಮೇಲೆ ಬೇಕು. ಮಲೇಷ್ಯಾದ ಗಡಿ ಕಟ್ಟಡದ ಎಸ್ಕಲೇಟರ್‌ಗಳು ಮಾತ್ರ ಆಗಲೇ ತುಂಬಿವೆ. ಬ್ಯಾಗನ್ನು ಎದೆಗೆ ಹಾಕಿಕೊಂಡವರು, ನಿಂತಲ್ಲೇ ತೂಕಡಿಸುವವರು, ಶಾಲೆಯ ಯೂನಿಫಾರಂ ತೊಟ್ಟ ಮಕ್ಕಳು ಎಲ್ಲರೂ ಸಿಂಗಾಪುರದ ಕಡೆಗೇ. ಇವರು ದಾಟಬೇಕಾದ ಕಾಸ್‌ವೇ ಒಂದು ಕಿಲೋಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ಎಲ್ಲರೂ ಸೇತುವೆ ಎನ್ನುತ್ತಾರೆ. ನೋಡಿದರೆ ನಮ್ಮ ಕೆರೆ ಏರಿಯ ಹಾಗೆ ಕಲ್ಲು ತುಂಬಿ ಸಮುದ್ರಕ್ಕೆ ಅಡ್ಡ ಹಾಕಿದ ಏರಿ ಅದು, 1920ರ ದಶಕದ್ದು. ದಿನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಈ ಏರಿಯ ಮೇಲೆ ಹಾಯುತ್ತಾರೆ.

ದುಡಿಮೆಗೆಂದು ಬರುವ ಮಲೇಷ್ಯಾದವರೇ ಇದರಲ್ಲಿ ಬಹುಪಾಲು. ಈಚಿನ ವರ್ಷಗಳಲ್ಲಿ ಇನ್ನೊಂದು ಗುಂಪೂ ಕೂಡಿಕೊಂಡಿದೆ: ಸಿಂಗಾಪುರದಲ್ಲೇ ಇದ್ದು, ಬಾಡಿಗೆಯ ಲೆಕ್ಕ ಹಾಕಿ, ಮನೆಯನ್ನಷ್ಟೇ ಆಚೆ ದಡಕ್ಕೆ ಸಾಗಿಸಿದವರು. 2022 ಒಂದೇ ವರ್ಷದಲ್ಲಿ ಸಿಂಗಾಪುರದಲ್ಲಿ ಖಾಸಗಿ ಮನೆಗಳ ಬಾಡಿಗೆ ಸುಮಾರು 30% ಏರಿತು. ಕಾರಿನ ಮಾತು ಬೇಡವೇ ಬೇಡ. ಕಾರು ಇಟ್ಟುಕೊಳ್ಳುವ ಹತ್ತು ವರ್ಷದ ಪರವಾನಗಿ ಸಿಒಇ, ದೊಡ್ಡ ಕಾರುಗಳ ವರ್ಗದಲ್ಲಿ 2023ರ ಅಕ್ಟೋಬರಿನಲ್ಲಿ 1,50,001 ಸಿಂಗಾಪುರ ಡಾಲರ್ ಮುಟ್ಟಿತ್ತು. ಅದು ಕಾಗದದ ಬೆಲೆ, ಕಾರಿನ ಬೆಲೆ ಬೇರೆ.

ಲೆಕ್ಕ ಹೀಗೆ. ತಿಂಗಳಿಗೆ 3,000 ಸಿಂಗಾಪುರ ಡಾಲರ್ ಬಾಡಿಗೆ ಕೊಡುವವರು ಜೋಹೋರ್ ಬಾರುವಿನಲ್ಲಿ 3,000 ರಿಂಗಿಟ್‌ನ ಮನೆ ಹಿಡಿದರು ಅಂತಿಟ್ಟುಕೊಳ್ಳಿ. ಡಾಲರಿಗೆ 3.2 ರಿಂಗಿಟ್ ಎಂದು ಹಿಡಿದರೆ ಅದು ಸುಮಾರು 940 ಡಾಲರ್. ಉಳಿತಾಯ 2,060. (1973ರ ಮೇವರೆಗೆ ಈ ಎರಡೂ ನಾಣ್ಯಗಳು ಒಂದಕ್ಕೊಂದು ಸಮನಾಗಿ ಎರಡೂ ಕಡೆ ಚಲಾವಣೆಯಲ್ಲಿದ್ದವು ಅಂದರೆ ಈಗ ನಂಬುವುದು ಕಷ್ಟ.) ಇನ್ನು ಗಡಿಯಲ್ಲಿ ಹೋಗಿಬರಲು ದಿನಕ್ಕೆ ಮೂರು ಗಂಟೆ ಹೆಚ್ಚು ಹಿಡಿದರೆ, 22 ಕೆಲಸದ ದಿನಕ್ಕೆ 66 ಗಂಟೆ. ಗಂಟೆಗೆ 31 ಡಾಲರ್ ಗಿಟ್ಟಿತು. ಐದು ಗಂಟೆ ಹಿಡಿದರೆ 110 ಗಂಟೆ, ಗಂಟೆಗೆ 19 ಡಾಲರ್ ಕೂಡ ಇಲ್ಲ. ಬಾಡಿಗೆ ಎರಡೂ ಲೆಕ್ಕದಲ್ಲಿ ಒಂದೇ, ಬದಲಾಗಿದ್ದು ಸಾಲಿನ ಉದ್ದ. ಅದು ಯಾರ ಕೈಯಲ್ಲೂ ಇಲ್ಲ. ಸಿಂಗಾಪುರ ದುಬಾರಿ ನಿಜ, ಆದರೆ ಅದರ ಬೆಲೆ ಮುಂಚೆಯೇ ಗೊತ್ತಿರುತ್ತದೆ. ಜೋಹೋರ್ ಅಗ್ಗ, ಎಷ್ಟು ಅಗ್ಗ ಎಂದು ತಿಂಗಳ ಕೊನೆಗೇ ತಿಳಿಯುವುದು.

ಈಗ ಬೆಳಗಿನ ಐದು ಗಂಟೆ. ಬಸ್ಸಿನಲ್ಲಿ ದಾಟುವುದೆಂದರೆ ಬಸ್ಸನ್ನು ಎರಡು ಸಲ ಹತ್ತಿ ಎರಡು ಸಲ ಇಳಿಯುವುದು. ಜೋಹೋರ್ ಬಾರುವಿನ ಕಟ್ಟಡದಲ್ಲಿ ಮಲೇಷ್ಯಾದಿಂದ ಹೊರಬಿದ್ದ ಮುದ್ರೆ, ಕೆಳಗಿಳಿದು 170, 950 ಅಥವಾ ಹಳದಿ ಕಾಸ್‌ವೇ ಲಿಂಕ್ ಬಸ್ಸಿನ ಸಾಲು, ಏರಿ ದಾಟಿ ಸಿಂಗಾಪುರ ಕಡೆಯ ವುಡ್‌ಲ್ಯಾಂಡ್ಸ್‌ನಲ್ಲಿ ಚೀಲ ಸಮೇತ ಇಳಿದು ಮತ್ತೆ ತಪಾಸಣೆ, ಮತ್ತೆ ಬಸ್ಸು. ಬಂದ ಬಸ್ಸು ನಿಮಗಾಗಿ ಕಾಯುವುದಿಲ್ಲ. ಅದೇ ಕಂಪನಿಯ ಮುಂದಿನ ಬಸ್ಸು ಹತ್ತಬೇಕು, ಆದ್ದರಿಂದ ಚೀಟಿ ಎಸೆಯಬಾರದು. ಹೊಸಬರು ಎಡವುವುದು ಇಲ್ಲೇ: ಚೀಲವನ್ನು ಸೀಟಿನಲ್ಲಿ ಬಿಟ್ಟು ಇಳಿಯುತ್ತಾರೆ, ಬಸ್ಸು ಹೊರಟುಹೋಗುತ್ತದೆ. ಷಟಲ್ ತೆಬ್ರಾವ್ ರೈಲು ಐದೇ ನಿಮಿಷದಲ್ಲಿ ದಾಟಿಸುತ್ತದೆ. ಜೋಹೋರ್ ಕಡೆಯಿಂದ ಹತ್ತಿದರೆ 5 ರಿಂಗಿಟ್, ಸಿಂಗಾಪುರ ಕಡೆಯಿಂದ 5 ಡಾಲರ್. ಅಂಕಿ ಒಂದೇ, ಬೆಲೆ ಮೂರು ಪಟ್ಟು. ಬೆಳಗಿನ ಟಿಕೆಟ್ ಮಾತ್ರ ಬಿಟ್ಟ ಕೂಡಲೇ ಖಾಲಿ.

ಸಿಂಗಾಪುರದ ಕನ್ನಡಿಗರು ಆಚೆ ದಡದ ಮನೆಯ ಮಾತು ತೆಗೆದಾಗೆಲ್ಲ ಮೊದಲು ಕೇಳಬೇಕಾದ್ದು ಬಾಡಿಗೆ ಎಷ್ಟು ಎಂದಲ್ಲ, ಮಲೇಷ್ಯಾದಲ್ಲಿ ಇರಲು ಕಿಸೆಯಲ್ಲಿ ಯಾವ ಪಾಸು ಇದೆ ಎಂದು. ಭಾರತೀಯ ಪಾಸ್‌ಪೋರ್ಟಿಗೆ ಮಲೇಷ್ಯಾ 2023ರ ಡಿಸೆಂಬರಿನಿಂದ 30 ದಿನ ವೀಸಾ ಬೇಡ ಎಂದಿತು. ಬಹಳ ಜನ ಇದನ್ನೇ ನೆಚ್ಚಿ ಮನೆ ಹುಡುಕಲು ಹೊರಡುತ್ತಾರೆ. ಅದು ನೆಂಟನಾಗಿ ಬಂದು ಹೋಗುವ ಅನುಮತಿ, ಮನೆ ಮಾಡುವ ಅನುಮತಿಯಲ್ಲ. ದಿನವೂ ದಾಟಿ 30 ದಿನವನ್ನು ಹೊಸದು ಮಾಡಿಕೊಳ್ಳುವ ಉಪಾಯ ಕೌಂಟರಿನಲ್ಲಿ ಕೂತ ಅಧಿಕಾರಿ ಪ್ರಶ್ನೆ ಕೇಳುವವರೆಗೆ ಮಾತ್ರ ನಡೆಯುತ್ತದೆ. ಸಿಂಗಾಪುರದ ಪ್ರಜೆಗೂ ಸಿಗುವುದು ಅದೇ ಬಗೆಯ ಪ್ರವಾಸಿ ಪಾಸು. ಭಾರತೀಯರಾದರೆ ಪ್ರತಿ ಪ್ರವೇಶಕ್ಕೂ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು, ಕೌಂಟರಿನಲ್ಲಿ ಮುದ್ರೆ ಬಿದ್ದಷ್ಟೂ ಪುಟ ಸವೆಯುತ್ತದೆ. ಮೇಲಿಂದ ಮೇಲೆ ಹೋಗಿಬರುವವರು 36 ಪುಟದ ಪಾಸ್‌ಪೋರ್ಟ್ ಬಿಟ್ಟು 60 ಪುಟದ ಜಂಬೋ ಮಾಡಿಸುವುದು ಇದಕ್ಕೇ.

ಸರಿಯಾದ ದಾರಿ ಎಂದರೆ ದೀರ್ಘಾವಧಿ ಪಾಸು. ವಿದೇಶೀಯರಿಗೆ ದೀರ್ಘ ವಾಸದ ಅನುಮತಿ ಕೊಡುವ ಎಂಎಂ2ಎಚ್ (ಮಲೇಷ್ಯಾ ಮೈ ಸೆಕೆಂಡ್ ಹೋಮ್) ಯೋಜನೆಯ 2024ರ ನಿಯಮದಲ್ಲಿ ಸಿಲ್ವರ್ ದರ್ಜೆಗೆ 1,50,000 ಅಮೆರಿಕನ್ ಡಾಲರ್ ಠೇವಣಿ, ಜೊತೆಗೆ ಮನೆ ಕೊಳ್ಳುವ ಷರತ್ತು. ಜೋಹೋರಿನ ಫಾರೆಸ್ಟ್ ಸಿಟಿಯಂಥ ವಿಶೇಷ ವಲಯದಲ್ಲಾದರೆ 21ರಿಂದ 49 ವಯಸ್ಸಿನವರಿಗೆ 65,000, ಐವತ್ತು ದಾಟಿದವರಿಗೆ 32,000. ಬಾಡಿಗೆ ಉಳಿಸಲು ಹೊರಟವರು ಇಷ್ಟು ದುಡ್ಡನ್ನು ಮೊದಲೇ ಕಟ್ಟಿಡಬೇಕು! ಹೆಂಡತಿಯೋ ಗಂಡನೋ ಮಲೇಷ್ಯಾದವರಾಗಿದ್ದರೆ ಮಾತು ಬೇರೆ.

ಸಿಂಗಾಪುರದ ಪ್ರಜೆಗಳಾದ ಕನ್ನಡಿಗರಿಗೆ ಇನ್ನೊಂದು ಆಸೆ ಹುಟ್ಟುತ್ತದೆ. ಇರುವ ಎಚ್‌ಡಿಬಿ (ಸರ್ಕಾರಿ ವಸತಿ ಮಂಡಳಿಯ) ಫ್ಲ್ಯಾಟನ್ನು ಪೂರ್ತಿ ಬಾಡಿಗೆಗೆ ಕೊಟ್ಟು ತಾವು ಆಚೆ ಹೋಗುವುದು. ಕಡ್ಡಾಯ ವಾಸದ ಅವಧಿ, ಸಾಮಾನ್ಯವಾಗಿ 5 ವರ್ಷ, ಮುಗಿದಿರಬೇಕು. ಪ್ರಜೆಯಲ್ಲದ ಕಾಯಂ ನಿವಾಸಿ, ಅಂದರೆ ಪಿಆರ್ ಆದವರಿಗೆ ಇಡೀ ಫ್ಲ್ಯಾಟ್ ಬಾಡಿಗೆಗೆ ಕೊಡುವ ಹಕ್ಕೇ ಇಲ್ಲ. ಕೊಟ್ಟ ಮೇಲೆ ಆಸ್ತಿ ತೆರಿಗೆ ಸ್ವಂತ ವಾಸದ ದರದಿಂದ ಹೊರಬಿದ್ದು 12%ರಿಂದ ಶುರುವಾಗುತ್ತದೆ, ಬಾಡಿಗೆ ವರಮಾನಕ್ಕೆ ಆದಾಯ ತೆರಿಗೆ ಬೇರೆ. ಮನೆಯಿಂದಲೇ ಕೆಲಸ ಮಾಡುತ್ತೇನೆ, ಗಡಿಯ ಗೊಡವೆಯೇ ಬೇಡ ಎನ್ನುವವರು ಒಂದು ಅಂಕಿ ನೆನಪಿಡಬೇಕು: ವರ್ಷಕ್ಕೆ 182 ದಿನ. ಅಷ್ಟು ದಿನ ಇದ್ದರೆ ಮಲೇಷ್ಯಾದ ತೆರಿಗೆ ನಿವಾಸಿಯಾಗುತ್ತೀರಿ. ಸಂಬಳ ಸಿಂಗಾಪುರದ್ದೇ ಆದರೂ ಲ್ಯಾಪ್‌ಟಾಪ್ ತೆರೆದು ಕೂತ ಜಾಗ ಜೋಹೋರ್ ಅಲ್ಲವೇ.

ಸಿಂಗಾಪುರದ ಹಳೆಯ ಬಾಡಿಗೆ ಮನೆ ಬಿಡುವುದಕ್ಕೂ ಹದವಿದೆ. ಎರಡು ವರ್ಷದ ಕರಾರಿನಲ್ಲಿ ಡಿಪ್ಲೊಮ್ಯಾಟಿಕ್ ಕ್ಲಾಸ್ ಇದ್ದರೆ ಸಾಮಾನ್ಯವಾಗಿ 12 ತಿಂಗಳ ಬಳಿಕ 2 ತಿಂಗಳ ನೋಟಿಸು ಕೊಟ್ಟು ಹೊರಬರಬಹುದು. ಆದರೆ ಅದು ಕೆಲಸ ಹೋದವರಿಗೆ, ದೇಶ ಬಿಡುವವರಿಗೆ ಬರೆದದ್ದು. ಕೆಲಸ ಸಿಂಗಾಪುರದಲ್ಲೇ ಇಟ್ಟುಕೊಂಡು ಅಗ್ಗದ ಮನೆ ಸಿಕ್ಕಿತು ಎಂದರೆ ಆ ಕಲಂ ಕೈಹಿಡಿಯದು. ಅಡ್ವಾನ್ಸ್ ಕರಗುವುದು ಸಣ್ಣ ಸಣ್ಣ ಕಾರಣಕ್ಕೆ: ಮೂರು ತಿಂಗಳಿಗೊಮ್ಮೆ ಏಸಿ ಸರ್ವಿಸ್ ಮಾಡಿಸಿದ ರಸೀದಿ ಇಲ್ಲದ್ದು, ಪರದೆ ಡ್ರೈಕ್ಲೀನ್ ಮಾಡಿಸದ್ದು, ಗೋಡೆಗೆ ಹೊಡೆದ ಮೊಳೆ. ಒಗ್ಗರಣೆಯ ಹೊಗೆ ಹಿಡಿದ ಅಡುಗೆಮನೆ ಗೋಡೆಯನ್ನು ಕೈ ತುಂಬಾ ಸೋಪು ಹಾಕಿ ಉಜ್ಜಿಯೇ ಬೀಗ ಕೊಡುವುದು ವಾಸಿ. ಜೋಹೋರಿನಲ್ಲಿ ಎರಡು ತಿಂಗಳ ಅಡ್ವಾನ್ಸು, ನೀರು ಕರೆಂಟಿಗೆ ಅರ್ಧ ತಿಂಗಳದ್ದು, ಮೊದಲ ತಿಂಗಳ ಬಾಡಿಗೆ, ಒಟ್ಟು ಮೂರೂವರೆ ತಿಂಗಳ ದುಡ್ಡು ಮೊದಲೇ ಕೊಡುವುದು ರೂಢಿ. ಒಂದು ಸಮಾಧಾನ: ಎರಡೂ ಕಡೆ ಅದೇ ಮೂರು ಚೌಕ ಪಿನ್ನಿನ ಪ್ಲಗ್ಗು, ಮಿಕ್ಸಿ ಗ್ರೈಂಡರ್ ಹಾಗೇ ಓಡುತ್ತವೆ.

2020ರ ಮಾರ್ಚ್ 18 ಅನ್ನು ಮರೆತು ಈ ಲೆಕ್ಕ ಹಾಕಬಾರದು. ಅಂದು ಮಲೇಷ್ಯಾ ಗಡಿ ಮುಚ್ಚಿತು. ಯಾವ ದಡದಲ್ಲಿ ಇರುತ್ತೀರೆಂದು ತೀರ್ಮಾನಿಸಲು ಸಿಕ್ಕಿದ್ದು ಒಂದು ದಿನಕ್ಕೆ ಸ್ವಲ್ಪ ಹೆಚ್ಚು. ಕೆಲಸ ಉಳಿಸಿಕೊಂಡವರು ಮನೆಯವರ ಮುಖ ನೋಡದೆ ತಿಂಗಳುಗಟ್ಟಲೆ ಕಳೆದರು. ರಸ್ತೆ ಪೂರ್ತಿ ತೆರೆದದ್ದು 2022ರ ಏಪ್ರಿಲ್ 1ಕ್ಕೆ.

2026ರ ಕೊನೆಯ ಹೊತ್ತಿಗೆ ಎಂದು ಗುರಿಯಿಟ್ಟ, ಎರಡೂ ದಡ ಸೇರಿಸುವ ಆರ್‌ಟಿಎಸ್ ರೈಲು, ನಾಲ್ಕು ಕಿಲೋಮೀಟರ್ ದಾರಿಯಲ್ಲಿ ಗಂಟೆಗೆ ಒಂದೊಂದು ದಿಕ್ಕಿಗೆ 10,000 ಜನರನ್ನು ಸಾಗಿಸಬಲ್ಲದು. ಎರಡು ದೇಶದ ತಪಾಸಣೆಯೂ ಹತ್ತುವ ನಿಲ್ದಾಣದಲ್ಲೇ ಮುಗಿಯುತ್ತದೆ. ಜೋಹೋರ್ ಕಡೆಯ ನಿಲ್ದಾಣ ಬುಕಿಟ್ ಚಗರ್. ಅದರ ಸುತ್ತ ಮನೆ ತೋರಿಸುವ ಏಜೆಂಟರ ಬಾಯಲ್ಲಿ ಮೊದಲು ಬರುವುದೇ ಈ ರೈಲಿನ ಹೆಸರು, ಬಾಡಿಗೆ ಆಮೇಲೆ.

ಸಂಜೆ ಆರಕ್ಕೆ ವಾಪಸ್ ಹೊರಡುವವರು ಮೊದಲು ಫೋನಿನಲ್ಲಿ ಕಾಸ್‌ವೇ ಕ್ಯಾಮೆರಾ ನೋಡುತ್ತಾರೆ. 2025ರ ಜನವರಿಯಿಂದ ಜೋಹೋರ್ ತನ್ನ ವಾರದ ರಜೆಯನ್ನು ಶುಕ್ರ ಶನಿಯಿಂದ ಶನಿ ಭಾನುವಾರಕ್ಕೆ ತಂದುಕೊಂಡಿದೆ. ಎರಡೂ ಊರಿನ ಶುಕ್ರವಾರದ ಸಂಜೆ ಈಗ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ. ಬಲ್ಲವರು ಆ ದಿನ ಲಿಟ್ಲ್ ಇಂಡಿಯಾದಲ್ಲಿ ಇಳಿದು, ಟೆಕ್ಕಾ ಮಾರುಕಟ್ಟೆಯ ಸುತ್ತ ಒಂದು ಸುತ್ತು ಹಾಕಿ, ದೋಸೆ ತಿಂದು, ಹತ್ತರ ಮೇಲೆ, ಗಡಿಯ ಬಸ್ಸು ಸಿಗುವ ಕ್ರಾಂಜಿಗೆ ರೈಲು ಹತ್ತುತ್ತಾರೆ. ದೋಸೆಯ ದುಡ್ಡೂ ಉಳಿತಾಯದ ಲೆಕ್ಕದಿಂದಲೇ ಹೋಗುತ್ತದೆ.