ರಾಹುಲ್‌ಗೆ ಸಿಕ್ಕಿದ ತಾಳ್ಮೆ, ಕರುಣ್‌ಗೆ ಸಿಗದ ತಾಳ್ಮೆ

ಫಾರ್ಮ್ ಕಳೆದುಕೊಂಡ ಆಟಗಾರನನ್ನು ಎಲ್ಲಿಯವರೆಗೆ ಕಾಯಬೇಕು ಎಂಬ ಚರ್ಚೆ ನಮ್ಮ ಬದಿಯಡ್ಕದ ಕಡೆ ಎದ್ದಾಗಲೆಲ್ಲ ಅದು ಕೆ.ಎಲ್. ರಾಹುಲ್ ಅವರ ಹೆಸರು ಹಿಡಿದೇ ಏಳುತ್ತದೆ. ಇದಕ್ಕೆ ಕಾರಣ ಉಂಟು. ಕಾಸರಗೋಡಿನ ಕನ್ನಡಿಗರಿಗೆ ಆಸ್ಪತ್ರೆಗೂ ಕಾಲೇಜಿಗೂ ಮದುವೆಯ ಜವಳಿಗೂ ಮಂಗಳೂರೇ ಪೇಟೆಯಾದ್ದರಿಂದ, ಸುರತ್ಕಲ್ಲಿನ ಎನ್‌ಐಟಿಕೆಯ ಪ್ರಾಧ್ಯಾಪಕರ ಮಗನಾಗಿ ಬೆಳೆದು ಮಂಗಳೂರಿನ ಮೈದಾನಗಳಲ್ಲಿ ಆಡಿ ಮೇಲೆ ಬಂದ ಹುಡುಗನನ್ನು ನಾವು ನಮ್ಮವನೆಂದೇ ಎಣಿಸಿದ್ದೇವೆ. ಆದರೆ ಇಲ್ಲಿ ಕ್ರಿಕೆಟ್ ಆಡುವ ಮಕ್ಕಳು ಬೆಳೆದು ಸೇರಬೇಕಾದದ್ದು ಕೇರಳ ತಂಡವನ್ನು. ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಆ ತಂಡದ ವಿಕೆಟ್ ಕೀಪರ್. ನೀಲೇಶ್ವರದಿಂದ ಬರುವ ನನ್ನ ಸಹೋದ್ಯೋಗಿಗೆ ಕೇರಳದ ಸಂಜು ಸ್ಯಾಮ್ಸನ್ ಎಂದರೆ ಜೀವ. ನನ್ನ ಭಾವನಿಗೆ ರಾಹುಲ್ ಎಂದರೆ ಜೀವ. ಇವರಿಬ್ಬರ ವಾದವನ್ನು ವರ್ಷಗಟ್ಟಲೆ ಕೇಳಿದ ಮೇಲೆ, ಇಬ್ಬರೂ ಹೇಳದೆ ಉಳಿಸಿದ ಒಂದು ಹೆಸರಿನ ಬಗ್ಗೆ ನಾನು ಬರೆಯಲೇಬೇಕು ಎನಿಸಿದೆ. ಅದು ಕರ್ನಾಟಕದ ಬ್ಯಾಟ್ಸ್‌ಮನ್ ಕರುಣ್ ನಾಯರ್ ಅವರ ಹೆಸರು.

ಮೊದಲು ರಾಹುಲ್ ಅವರ ವಿಷಯ. 2014ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರು ಗಳಿಸಿದ್ದು 3 ಮತ್ತು 1 ರನ್. ಅಂದೇ ಕೈಬಿಟ್ಟಿದ್ದರೆ ಕೇಳುವವರು ಯಾರೂ ಇರುತ್ತಿರಲಿಲ್ಲ. ಮುಂದಿನ ಸಿಡ್ನಿ ಟೆಸ್ಟಿನಲ್ಲಿ ಅವರನ್ನೇ ಓಪನರ್ ಆಗಿ ಕಳಿಸಿದರು, 110 ರನ್ ಬಂತು. ಊರಿಗೆ ಮರಳಿ ಬಂದು ಉತ್ತರ ಪ್ರದೇಶದ ವಿರುದ್ಧ 337 ರನ್ ಹೊಡೆದು, ರಣಜಿಯಲ್ಲಿ ಕರ್ನಾಟಕದ ಪರ ಮೊದಲ ತ್ರಿಶತಕ ಬಾರಿಸಿದವರೆನಿಸಿಕೊಂಡರು. ಆಮೇಲಿನ ಹತ್ತು ವರ್ಷಗಳಲ್ಲಿ ಅವರ ಆಟ ಏರಿದ್ದೂ ಇಳಿದದ್ದೂ ಎಷ್ಟು ಬಾರಿ ಎಂದರೆ, ಅಭಿಮಾನಿಯಾಗಿ ಉಳಿಯುವುದಕ್ಕೇ ಗಟ್ಟಿ ಎದೆ ಬೇಕಾಗಿತ್ತು. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಮೊದಲ ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಒಂದು ಅರ್ಧ ಶತಕವೂ ಇರಲಿಲ್ಲ; ಹತ್ತನೆಯದರಲ್ಲಿ, ಓವಲ್‌ನಲ್ಲಿ, 149 ರನ್ ಬಂತು. ಮರುವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮುಗಿದೊಡನೆ ಟೆಸ್ಟ್ ತಂಡದಿಂದ ಹೊರಬಿದ್ದರು. 2021ರಲ್ಲಿ ಮರಳಿ ಅವಕಾಶ ಸಿಕ್ಕಿದ್ದು ಕೂಡ, ಟ್ರೆಂಟ್ ಬ್ರಿಡ್ಜ್ ಟೆಸ್ಟಿಗೆ ಮೊದಲು ನೆಟ್ಸಿನಲ್ಲಿ ಮಯಾಂಕ್ ಅಗರ್ವಾಲ್ ಅವರ ತಲೆಗೆ ಚೆಂಡು ಬಡಿದದ್ದರಿಂದ. ಅಲ್ಲಿ 84, ಅದರ ಬೆನ್ನಿಗೆ ಲಾರ್ಡ್ಸ್‌ನಲ್ಲಿ 129, ವರ್ಷದ ಕೊನೆಗೆ ಸೆಂಚೂರಿಯನ್‌ನಲ್ಲಿ 123.

ಚರ್ಚೆ ಕಹಿಯಾದದ್ದು 2023ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲಿನ ಬಾಂಗ್ಲಾದೇಶ ಪ್ರವಾಸದಲ್ಲಿ ನಾಯಕರಾಗಿ ನಾಲ್ಕು ಇನ್ನಿಂಗ್ಸ್‌ಗಳಿಂದ 57 ರನ್. ಆಸ್ಟ್ರೇಲಿಯಾ ವಿರುದ್ಧ ನಾಗಪುರದಲ್ಲಿ 20, ದಿಲ್ಲಿಯಲ್ಲಿ 17 ಮತ್ತು 1. ಎಂಟು ವರ್ಷ ಆಡಿದ ಬಳಿಕವೂ ಸರಾಸರಿ 34ರ ಆಸುಪಾಸಿನಲ್ಲಿದೆ, ಹೊರಗೆ ಕಾಯುತ್ತಿರುವವರಿಗೆ ಅನ್ಯಾಯವಾಗುತ್ತಿದೆ ಎಂದು ಭಾರತದ ಮಾಜಿ ವೇಗದ ಬೌಲರ್ ವೆಂಕಟೇಶ್ ಪ್ರಸಾದ್ ಬಹಿರಂಗವಾಗಿಯೇ ಬರೆದರು. ಅವರು ಕರ್ನಾಟಕದವರೇ ಆಗಿದ್ದುದು ನಮ್ಮ ಭಾವನಿಗೆ ಹೆಚ್ಚು ನೋವು ಕೊಟ್ಟಿತು. ಮಾಜಿ ಓಪನರ್ ಆಕಾಶ್ ಚೋಪ್ರಾ ವಿದೇಶಗಳಲ್ಲಿನ ಅಂಕಿಗಳನ್ನು ಮುಂದಿಟ್ಟು ರಾಹುಲ್ ಪರ ನಿಂತರು. ದಿಲ್ಲಿ ಟೆಸ್ಟಿನ ನಂತರ ಪ್ರಕಟವಾದ ತಂಡದಲ್ಲಿ ಅವರ ಹೆಸರಿನ ಮುಂದೆ ಉಪನಾಯಕ ಎಂಬ ಪದ ಇರಲಿಲ್ಲ; ಇಂದೋರ್‌ನಲ್ಲಿ ಶುಭಮನ್ ಗಿಲ್ ಓಪನ್ ಮಾಡಿದರು.

ನನ್ನ ಅಭಿಪ್ರಾಯದಲ್ಲಿ ಪ್ರಸಾದ್ ಅವರೂ ಚೋಪ್ರಾ ಅವರೂ ಸರಿಯಾದದ್ದನ್ನೇ ಹೇಳಿದ್ದರು, ಆದರೆ ಅವರಿಬ್ಬರು ಉತ್ತರಿಸುತ್ತಿದ್ದ ಪ್ರಶ್ನೆಗಳು ಬೇರೆ ಬೇರೆ. ಈ ಟೆಸ್ಟಿನಲ್ಲಿ ಯಾರು ಆಡಬೇಕು ಎಂಬುದು ಒಂದು ಪ್ರಶ್ನೆ. ಈ ಆಟಗಾರ ತಂಡಕ್ಕೆ ಇನ್ನೂ ಬೇಕೇ ಎಂಬುದು ಇನ್ನೊಂದು. ಸ್ಪಿನ್‌ಗೆ ನೆರವಾಗುವ ಭಾರತದ ಪಿಚ್‌ಗಳಲ್ಲಿ ತಡವರಿಸುತ್ತಿದ್ದ ಓಪನರ್ ಬದಲು, ಆ ತಿಂಗಳುಗಳಲ್ಲಿ ರನ್ನಿನ ಮಳೆಗರೆಯುತ್ತಿದ್ದ ಗಿಲ್ ಆಡಿದ್ದು ನ್ಯಾಯವೇ, ಮತ್ತು ಅಹಮದಾಬಾದಿನಲ್ಲಿ ಗಿಲ್ 128 ಹೊಡೆದು ಅದನ್ನು ತೋರಿಸಿಯೂ ಕೊಟ್ಟರು. ಆದರೆ ಆ ಹೊತ್ತಿಗೆ ರಾಹುಲ್ ಹೊಡೆದಿದ್ದ ಏಳು ಟೆಸ್ಟ್ ಶತಕಗಳಲ್ಲಿ ಆರು ವಿದೇಶದಲ್ಲಿ ಬಂದಿದ್ದವು. ಸಿಡ್ನಿ, ಕಿಂಗ್‌ಸ್ಟನ್, ಓವಲ್, ಲಾರ್ಡ್ಸ್, ಸೆಂಚೂರಿಯನ್ ಎಂಬ ಹೆಸರುಗಳನ್ನು ಒಟ್ಟಿಗೆ ಹೇಳಬಲ್ಲ ಓಪನರ್‌ಗಳು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಸರಾಸರಿ ಎಂಬ ಒಂದೇ ಅಂಕಿ, ದಿಲ್ಲಿಯ ತಿರುಗುವ ಪಿಚ್ಚಿನ 17 ರನ್ನನ್ನೂ ಮೋಡ ಕವಿದ ಲಾರ್ಡ್ಸ್‌ನ 129 ರನ್ನನ್ನೂ ಒಂದೇ ಪಾತ್ರೆಯಲ್ಲಿ ಕಲಸಿಬಿಡುತ್ತದೆ. ಔಟಾದ ಬಗೆಯನ್ನೂ ನೋಡಬೇಕು. ದಿಲ್ಲಿಯ ಎರಡನೇ ಇನ್ನಿಂಗ್ಸ್‌ನಲ್ಲಿ ಆಸ್ಟ್ರೇಲಿಯಾದ ಸ್ಪಿನ್ನರ್ ನೇಥನ್ ಲಯನ್ ಅವರ ಎಸೆತವನ್ನು ಅವರು ಕಾಲಿನ ಕಡೆ ಆಡಿದ್ದು ಶಾರ್ಟ್ ಲೆಗ್ ಫೀಲ್ಡರ್‌ಗೆ ಬಡಿದು ಕೀಪರ್ ಕೈಸೇರಿತು; ಅದನ್ನು ಆಟದ ದೋಷ ಎನ್ನಲಾಗದು. ನಾಗಪುರದಲ್ಲಿ ಮೊದಲ ಟೆಸ್ಟ್ ಆಡುತ್ತಿದ್ದ ಟಾಡ್ ಮರ್ಫಿಗೆ ನೇರ ಕ್ಯಾಚ್ ಕೊಟ್ಟದ್ದು ಮಾತ್ರ ಮನಸ್ಸು ಗಟ್ಟಿಯಿಲ್ಲದ ಆಟವೇ.

ಕೈಬಿಡುವುದೆಂದರೆ ಬಾಗಿಲು ಮುಚ್ಚುವುದಲ್ಲ ಎಂಬುದಕ್ಕೆ ಅದೇ ಮಾರ್ಚ್ ತಿಂಗಳು ಸಾಕ್ಷಿಯಾಯಿತು. ಮುಂಬೈಯ ಏಕದಿನ ಪಂದ್ಯದಲ್ಲಿ 189 ರನ್ ಬೆನ್ನಟ್ಟುವಾಗ ಭಾರತ 39ಕ್ಕೆ ನಾಲ್ಕು ವಿಕೆಟ್ ಕಳೆದುಕೊಂಡಿತ್ತು. ರಾಹುಲ್ ಔಟಾಗದೆ 75 ಹೊಡೆದು ಗೆಲ್ಲಿಸಿದರು, ಮತ್ತು ಮೊದಲು ಟೀಕಿಸಿದ್ದ ಪ್ರಸಾದ್ ಅವರೇ ಆ ಆಟವನ್ನು ಹೊಗಳಿ ಬರೆದರು. ಆ ಹೊಗಳಿಕೆಯನ್ನು ನಾನು ಬಹಳ ಗೌರವಿಸುತ್ತೇನೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೆಂಚೂರಿಯನ್‌ನಲ್ಲಿ ವಿಕೆಟ್ ಕೀಪರ್ ಆಗಿ ಮಧ್ಯಮ ಕ್ರಮಾಂಕಕ್ಕೆ ಇಳಿದು, ತಂಡದ ಒಟ್ಟು 245 ರನ್ನಿನಲ್ಲಿ 101 ಅವರದೇ ಆಯಿತು. 2024ರಲ್ಲಿ ನ್ಯೂಜಿಲೆಂಡ್ ವಿರುದ್ಧ ಬೆಂಗಳೂರು ಟೆಸ್ಟಿನಲ್ಲಿ, ಭಾರತ 46ಕ್ಕೆ ಉರುಳಿದ ಆ ಪಂದ್ಯದಲ್ಲಿ, 0 ಮತ್ತು 12. ಮತ್ತೆ ಹೊರಗೆ. ಒಂದು ತಿಂಗಳ ಬಳಿಕ ರೋಹಿತ್ ಶರ್ಮಾ ಇಲ್ಲದ ಪರ್ತ್ ಟೆಸ್ಟಿನಲ್ಲಿ ಓಪನರ್; ಯಶಸ್ವಿ ಜೈಸ್ವಾಲ್ ಜೊತೆ 201 ರನ್ನಿನ ಆರಂಭ. ರೋಹಿತ್ ಅಡಿಲೇಡ್‌ಗೆ ಬಂದಾಗ ಆ ಜೋಡಿಯನ್ನು ಒಡೆಯದೆ ತಾವೇ ಆರನೇ ಕ್ರಮಾಂಕಕ್ಕೆ ಇಳಿದರು. ನಾಯಕನೊಬ್ಬ ತನ್ನ ಜಾಗವನ್ನೇ ಬಿಟ್ಟುಕೊಡುವುದು ಸಣ್ಣ ಮಾತಲ್ಲ. 2025ರ ಇಂಗ್ಲೆಂಡ್ ಸರಣಿಯಲ್ಲಿ ಓಪನರ್ ಸ್ಥಾನ ಗಟ್ಟಿಯಾದ ಮೇಲೆ ರಾಹುಲ್ 532 ರನ್ ಗಳಿಸಿದರು: ಲೀಡ್ಸ್‌ನಲ್ಲಿ 137, ಲಾರ್ಡ್ಸ್‌ನಲ್ಲಿ 100, ಮ್ಯಾಂಚೆಸ್ಟರ್‌ನಲ್ಲಿ ಸೊನ್ನೆಗೆ ಎರಡು ವಿಕೆಟ್ ಬಿದ್ದಿದ್ದಾಗ ನಿಂತು ಆಡಿದ 90. ಇವುಗಳಲ್ಲಿ ನನಗೆ ಮೂರನೆಯದೇ ಹೆಚ್ಚು ಇಷ್ಟ, ಏಕೆಂದರೆ ಅಂದು ಅವರು ಆಡಿದ ಹೊಡೆತಗಳಿಗಿಂತ ಆಫ್ ಸ್ಟಂಪಿನ ಆಚೆ ಬಿಟ್ಟುಬಿಟ್ಟ ಚೆಂಡುಗಳೇ ಪಂದ್ಯವನ್ನು ಉಳಿಸಿದವು.

‘ನೋಡು ಭಾವ, ಕಾದದ್ದು ಸಾರ್ಥಕ ಆಯಿತಲ್ಲ’ ಎಂಬುದು ಈಗ ನಮ್ಮ ಭಾವನ ಮಾತು. ಸಾರ್ಥಕವಾದದ್ದು ಹೌದು. ಆದರೆ ಕಾದದ್ದು ಸರಿಯೇ ಎಂಬುದನ್ನು ಫಲ ಬಂದ ಮೇಲೆ ನಿರ್ಣಯಿಸುವುದು ಸುಲಭ. ಆ ಕಾಯುವಿಕೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿತೇ ಎಂದು ಕೇಳಿದಾಗ ಉತ್ತರ ಅಷ್ಟು ಸುಲಭವಲ್ಲ.

2016ರ ಡಿಸೆಂಬರ್‌ನ ಚೆನ್ನೈ ಟೆಸ್ಟನ್ನು ನೆನಪಿಸಿಕೊಳ್ಳಿ. ಇಂಗ್ಲೆಂಡ್ ವಿರುದ್ಧ ಭಾರತ ಏಳು ವಿಕೆಟಿಗೆ 759 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡ ಆ ಇನ್ನಿಂಗ್ಸ್‌ನಲ್ಲಿ ರಾಹುಲ್ 199ಕ್ಕೆ ಔಟಾದರು, ಕರುಣ್ ನಾಯರ್ 303 ಹೊಡೆದು ಔಟಾಗದೆ ಉಳಿದರು. ಒಂದೇ ಕರ್ನಾಟಕ ತಂಡದಲ್ಲಿ ಜೊತೆಯಾಗಿ ಬೆಳೆದ ಇಬ್ಬರು, ಒಂದೇ ಪಿಚ್ಚು. ವೀರೇಂದ್ರ ಸೆಹ್ವಾಗ್ ಅವರನ್ನು ಬಿಟ್ಟರೆ ಭಾರತದ ಪರ ಟೆಸ್ಟ್ ತ್ರಿಶತಕ ಹೊಡೆದವರು ಕರುಣ್ ಒಬ್ಬರೇ, ಅದೂ ತಮ್ಮ ಮೊದಲ ಟೆಸ್ಟ್ ಶತಕವನ್ನೇ ಅಲ್ಲಿಯವರೆಗೆ ಬೆಳೆಸಿ. ಆದರೂ ಮುಂದಿನ ಟೆಸ್ಟಿನಲ್ಲಿ ಅವರಿಗೆ ಜಾಗವಿರಲಿಲ್ಲ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ತಮ್ಮ ಸ್ಥಾನಕ್ಕೆ ಮರಳಿದರು. ರಹಾನೆ ಆಗ ತಂಡದ ಆಧಾರ, ಆದ್ದರಿಂದ ಅದನ್ನು ತಪ್ಪೆನ್ನಲಾರೆ. ನಂತರ ಆಸ್ಟ್ರೇಲಿಯಾ ವಿರುದ್ಧ ಕರುಣ್‌ಗೆ ಸಿಕ್ಕಿದ್ದು ನಾಲ್ಕು ಇನ್ನಿಂಗ್ಸ್: 26, 0, 23, 5. ಅದೇ ಸರಣಿಯಲ್ಲಿ ರಾಹುಲ್ ಆರು ಅರ್ಧ ಶತಕ ಹೊಡೆದರು. ಧರ್ಮಶಾಲೆಯ ಆ ಟೆಸ್ಟಿನೊಂದಿಗೆ ಕರುಣ್ ಅವರ ಹೆಸರು ಆಡುವ ಹನ್ನೊಂದರಿಂದ ಅಳಿಸಿಹೋಯಿತು.

ನನ್ನನ್ನು ಕಾಡುವುದು ಇದರ ಮುಂದಿನ ಸಂಗತಿ. 2018ರ ಇಂಗ್ಲೆಂಡ್ ಪ್ರವಾಸಕ್ಕೆ ಕರುಣ್ ಆಯ್ಕೆಯಾಗಿದ್ದರು. ಐದನೇ ಟೆಸ್ಟಿಗೆ ಬ್ಯಾಟ್ಸ್‌ಮನ್ ಒಬ್ಬ ಬೇಕಾದಾಗ, ಮೊದಲಿನಿಂದ ತಂಡದೊಡನೆ ಇದ್ದ ಕರುಣ್ ಅವರನ್ನು ಬಿಟ್ಟು, ಸರಣಿಯ ನಡುವೆ ಕರೆಸಿಕೊಂಡ ಹನುಮ ವಿಹಾರಿಯವರಿಗೆ ಅವಕಾಶ ಕೊಟ್ಟರು. ವಿಹಾರಿ 56 ಹೊಡೆದರು, ಅವರದೇನೂ ತಪ್ಪಿಲ್ಲ. ಆದರೆ ಅದೇ ಓವಲ್ ಟೆಸ್ಟಿನಲ್ಲಿ, ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಐವತ್ತು ಕಾಣದ ರಾಹುಲ್ ಹತ್ತನೇ ಅವಕಾಶ ಪಡೆದು 149 ಹೊಡೆದರು, ಮತ್ತು ಆ ತ್ರಿಶತಕದ ಒಡೆಯನಿಗೆ ಸರಣಿಯಲ್ಲಿ ಒಂದು ಅವಕಾಶವೂ ಸಿಗಲಿಲ್ಲ. ರಾಹುಲ್‌ಗೆ ಆ ಹತ್ತನೇ ಅವಕಾಶ ಸಿಗಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಸಿಕ್ಕಿದ್ದಕ್ಕೆ ಸಂತೋಷವೇ ಇದೆ. ಕರುಣ್‌ಗೆ ಐದನೆಯದೇಕೆ ಸಿಗಲಿಲ್ಲ ಎಂಬುದು ನನ್ನ ಪ್ರಶ್ನೆ.

ಈ ಮಾತನ್ನು ನೀಲೇಶ್ವರದ ಗೆಳೆಯನ ಮುಂದೆ ಇಟ್ಟಾಗ ಅವರು, ಸಂಜು ವಿಷಯದಲ್ಲಿ ನಾವು ಹೇಳುತ್ತಿರುವುದೂ ಇದನ್ನೇ ಅಲ್ಲವೇ ಎಂದರು. ಅದರಲ್ಲಿ ಹುರುಳಿದೆ. 2023ರ ಏಷ್ಯಾ ಕಪ್‌ಗೆ ಸಂಜು ಹೋದದ್ದು ಮೀಸಲು ಆಟಗಾರರಾಗಿ. ಗಾಯದಿಂದ ಚೇತರಿಸಿ ರಾಹುಲ್ ಬಂದೊಡನೆ ಮನೆಗೆ ಮರಳಿದರು. ರಾಹುಲ್ ಪಾಕಿಸ್ತಾನದ ವಿರುದ್ಧ ಔಟಾಗದೆ 111 ಹೊಡೆದು ಆ ನಂಬಿಕೆಯನ್ನು ಉಳಿಸಿಕೊಂಡರು, ನಿಜ. ಆದರೆ ಅದೇ ಡಿಸೆಂಬರ್‌ನಲ್ಲಿ ಪಾರ್ಲ್‌ನಲ್ಲಿ, ರಾಹುಲ್ ಅವರ ನಾಯಕತ್ವದಲ್ಲೇ, ಸಂಜು ದಕ್ಷಿಣ ಆಫ್ರಿಕಾ ವಿರುದ್ಧ 108 ರನ್ ಗಳಿಸಿ ಸರಣಿ ಗೆಲ್ಲಲು ನೆರವಾದರು. ಮುಂದಿನ ಏಕದಿನ ಸರಣಿಯ ತಂಡದಲ್ಲಿ ಅವರ ಹೆಸರಿರಲಿಲ್ಲ. ರಾಹುಲ್ ಸೋತಾಗ ತಾಳ್ಮೆ ಬೇಕು ಎಂದು ಕೇಳಿದ ನಾವು, ಸಂಜು ಗೆದ್ದಾಗಲೂ ಸಿಗದ ಅವಕಾಶದ ಬಗ್ಗೆ ಮಾತನಾಡಲೇಬೇಕು. ಮಂಗಳೂರಿನ ಹುಡುಗ ಎಂಬ ಪ್ರೀತಿ ನಮಗೆ ಇರಲಿ, ಆದರೆ ಆಯ್ಕೆಯ ವಾದದಲ್ಲಿ ಅದಕ್ಕೆ ಬೆಲೆ ಕೊಡಲಾಗದು.

ಕರುಣ್ ಎಂಟು ವರ್ಷ ಕಾದರು. ಕರ್ನಾಟಕ ತಂಡದಲ್ಲೂ ಜಾಗ ಕಳೆದುಕೊಂಡು, 2022ರ ಡಿಸೆಂಬರ್‌ನಲ್ಲಿ ಕ್ರಿಕೆಟ್ಟಿಗೇ ಬರೆದಂತೆ ಇನ್ನೊಂದು ಅವಕಾಶ ಕೊಡು ಎಂದು ಒಂದು ಸಾಲು ಬರೆದಿದ್ದರು. ವಿದರ್ಭಕ್ಕೆ ಹೋಗಿ 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಂದಿಗೆ 779 ರನ್, ಅದೇ ಋತುವಿನ ರಣಜಿಯಲ್ಲಿ 863 ರನ್. ಆ ರಣಜಿ ಫೈನಲ್ ಕಾಸರಗೋಡಿನಲ್ಲಿ ಕೂತು ನೋಡಿದ ಕನ್ನಡಿಗನಿಗೆ ಎಂಥ ಇಕ್ಕಟ್ಟು ಎಂಬುದನ್ನು ಹೊರಗಿನವರು ಊಹಿಸಲಾರರು. ಸೆಮಿಫೈನಲ್‌ನಲ್ಲಿ ತಳಂಗರೆಯ ಅಜರುದ್ದೀನ್ ಔಟಾಗದೆ 177 ಹೊಡೆದು, ಗುಜರಾತ್ ವಿರುದ್ಧ ಮೊದಲ ಇನ್ನಿಂಗ್ಸ್‌ನ ಎರಡೇ ರನ್ನಿನ ಮುನ್ನಡೆಯಿಂದ ಕೇರಳವನ್ನು ಮೊದಲ ಬಾರಿಗೆ ಫೈನಲಿಗೆ ಒಯ್ದಿದ್ದರು; ಫೈನಲ್‌ನಲ್ಲಿ ಕೇರಳದ ದಾರಿಗೆ ಅಡ್ಡ ನಿಂತವರು 86 ಮತ್ತು 135 ಹೊಡೆದ ಕರುಣ್.

2025ರಲ್ಲಿ ಇಂಗ್ಲೆಂಡಿಗೆ ಕರೆ ಬಂತು. ನಾಲ್ಕು ಟೆಸ್ಟ್, 205 ರನ್, ಓವಲ್‌ನಲ್ಲಿ ಒಂದು 57. ಹಲವು ಬಾರಿ ಇಪ್ಪತ್ತು, ಮೂವತ್ತು, ನಲವತ್ತು ಮುಟ್ಟಿ ನೆಲೆಯೂರಿದ ಮೇಲೆ ಔಟಾಗುತ್ತಿದ್ದರು. ಮೂವತ್ತಮೂರರ ಆಟಗಾರನಿಗೆ ಇದು ಸಾಲದು, ತಾವು ಹೆಚ್ಚಿನದನ್ನು ನಿರೀಕ್ಷಿಸಿದ್ದೆವು ಎಂದು ಅಜಿತ್ ಅಗರ್ಕರ್ ಅವರ ಆಯ್ಕೆ ಸಮಿತಿ ಮುಂದಿನ ಸರಣಿಗೆ ಕೈಬಿಟ್ಟಿತು. ಕಾರಣವನ್ನು ಮುಚ್ಚಿಡದೆ ಹೇಳಿದ್ದು 2018ರಲ್ಲಿ ನಡೆದುದಕ್ಕಿಂತ ಮೇಲು. ಆದರೂ ಆ ತೀರ್ಪನ್ನು ನಾನು ಒಪ್ಪುವುದಿಲ್ಲ. ಮೊದಲ ಎಸೆತಗಳಲ್ಲೇ ಕೈಕೊಡುವ ಬ್ಯಾಟ್ಸ್‌ಮನ್‌ನ ಕಷ್ಟ ಬೇರೆ, ಪ್ರತಿ ಬಾರಿಯೂ ಮೂವತ್ತು ರನ್ ಹೊಡೆದು ಔಟಾಗುವವನ ಕಷ್ಟ ಬೇರೆ. ಎರಡನೆಯವನಿಗೆ ಚೆಂಡು ಕಾಣುತ್ತಿರುತ್ತದೆ, ಕಾಲು ಸರಿಯಾದ ಕಡೆಗೆ ಹೋಗುತ್ತಿರುತ್ತದೆ, ಅವನ ದೋಷ ಏಕಾಗ್ರತೆಯದು ಮತ್ತು ಅದು ತಿದ್ದಿಕೊಳ್ಳಬಹುದಾದದ್ದು. ಊರಿನ ಪಿಚ್‌ಗಳಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಎರಡು ಟೆಸ್ಟುಗಳನ್ನು ಅವರಿಗೆ ಕೊಡಬಹುದಿತ್ತು. ರಾಹುಲ್ ಆ ಸರಣಿಯಲ್ಲಿ ಅಹಮದಾಬಾದಿನಲ್ಲಿ ಶತಕ ಹೊಡೆದರು.

ಕರ್ನಾಟಕಕ್ಕೆ ಮರಳಿದ ಕರುಣ್, ನವೆಂಬರ್ 1ರಂದು ತಿರುವನಂತಪುರದ ಬಳಿಯ ಮಂಗಲಪುರದಲ್ಲಿ ಶುರುವಾದ ರಣಜಿ ಪಂದ್ಯದಲ್ಲಿ ಕೇರಳದ ವಿರುದ್ಧ 233 ರನ್ ಹೊಡೆದರು. ಎದುರಾಳಿ ನಾಯಕ ನಮ್ಮ ಅಜರುದ್ದೀನ್. ಅದೇ ತಿಂಗಳು ಕೋಲ್ಕತ್ತದ ಟೆಸ್ಟಿನಲ್ಲಿ ದಕ್ಷಿಣ ಆಫ್ರಿಕಾ ಎದುರು 124 ರನ್ ಬೆನ್ನಟ್ಟಿದ ಭಾರತ, ಮೂರನೇ ಕ್ರಮಾಂಕದಲ್ಲಿ ವಾಷಿಂಗ್ಟನ್ ಸುಂದರ್ ಅವರನ್ನು ಆಡಿಸಿ, 93ಕ್ಕೆ ಆಲೌಟ್ ಆಯಿತು. ಆ ಸಂಜೆ ಭಾವನೂ ನೀಲೇಶ್ವರದ ಗೆಳೆಯನೂ ಬೇರೆ ಬೇರೆಯಾಗಿ ನನಗೆ ಫೋನ್ ಮಾಡಿ ಕೇಳಿದ್ದು, ಇಂಥ ದಿನಕ್ಕೆ ಕರುಣ್ ಬೇಡವಾದದ್ದು ಯಾಕೆ ಎಂದು.