ಮದ್ರಾಸ್ ಚೌಕುಳಿ, ಕಲಬಾರಿ ಕೈಚಳಕ

ಚಿಕ್ಕಪೇಟೆಯ ಲುಂಗಿ ಅಂಗಡಿಗಳಲ್ಲಿ ಕೆಂಪು, ಕಪ್ಪು, ಬಿಳಿ ಚೌಕುಳಿಯ ಹತ್ತಿ ಬಟ್ಟೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಮನೆಯಲ್ಲಿ ಉಡುವುದಕ್ಕೆ, ಹಳತಾದರೆ ನೆಲ ಒರೆಸುವುದಕ್ಕೆ. ಇದೇ ಜಾತಿಯ ಬಟ್ಟೆ ನೈಜೀರಿಯಾದ ಕಲಬಾರಿ ಜನರಿಗೆ ಮಾತ್ರ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವ ಮನೆತನದ ಆಸ್ತಿ. ಅದಕ್ಕೆ ಅವರಲ್ಲಿ ಇಂಜಿರಿ ಎಂದು ಹೆಸರು. ಹುಟ್ಟಿದ ಮಗುವಿನ ಮೈಗೂ ಅದೇ, ತೀರಿಕೊಂಡ ಹಿರಿಯರ ಮೈಗೂ ಅದೇ. ಅಷ್ಟಕ್ಕೇ ಬಿಡದೆ ಅದರ ಎಳೆಗಳನ್ನು ಕತ್ತರಿಸಿ ಕಿತ್ತು ಪೆಲೆಟೆ ಬಿಟೆ ಎಂಬ ಬೇರೆಯದೇ ಬಟ್ಟೆ ಮಾಡುತ್ತಾರೆ. ನಮ್ಮ ಕಡೆಯ ಮಗ್ಗದಿಂದ ಇಳಿದ ಬಟ್ಟೆ ಅಷ್ಟು ದೂರ ಹೋಗಿ ಹೀಗೆ ಬದಲಾದ ಕಥೆ ಕನ್ನಡದಲ್ಲಿ ಹೆಚ್ಚು ಬಂದಿಲ್ಲ. ಬೆಂಗಳೂರಿನಲ್ಲಿ ಕೂತೇ ಈ ಕೆಲಸವನ್ನು ಮಾಡಿ ನೋಡಬಹುದು, ವಿಧಾನ ಕೆಳಗಿದೆ.

ಮೊದಲು ಊರು, ಜನ. ನೈಜರ್ ನದಿ ಸಮುದ್ರ ಸೇರುವ ಮುನ್ನ ಬೀಸಣಿಗೆಯ ಹಾಗೆ ಕವಲೊಡೆಯುತ್ತದೆ. ಆ ಮುಖಜಭೂಮಿಯ ಉದ್ದಗಲಕ್ಕೂ ಇರುವವರು ಇಜೊ ಜನ. ಕಲಬಾರಿಯವರು ಅವರದೇ ಒಂದು ಪಂಗಡ, ಪೂರ್ವ ಭಾಗದವರು, ಈಗಿನ ರಿವರ್ಸ್ ರಾಜ್ಯದಲ್ಲಿ ಪೋರ್ಟ್ ಹಾರ್ಕೋರ್ಟ್ ನಗರದ ಹತ್ತಿರದವರು. ಸುತ್ತ ಉಪ್ಪುನೀರಿನ ಕಾಲುವೆಗಳು, ಮ್ಯಾಂಗ್ರೋವ್ ಕಾಡು, ಕೆಸರು. ಬೇಸಾಯಕ್ಕೆ ನೆಲವೇ ಇಲ್ಲ. ಹಾಗಾಗಿ ಮೀನು ಒಣಗಿಸಿ, ಉಪ್ಪು ಕಾಯಿಸಿ, ಒಳನಾಡಿನವರಿಗೆ ಕೊಟ್ಟು ಗೆಣಸು ತರಬೇಕಿತ್ತು. 1500ರ ಆಸುಪಾಸಿನಲ್ಲೇ ಪೋರ್ಚುಗೀಸ್ ನಾವಿಕ ಪಚೆಕೊ ಪೆರೇರಾ ಈ ಕಡೆಯ ಉಪ್ಪಿನ ವ್ಯಾಪಾರದ ಬಗ್ಗೆ, ಒಂದೇ ಮರ ಕೊರೆದು ಮಾಡಿದ ಭಾರಿ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಯುರೋಪಿನವರು ಬಂದು ಇವರಿಗೆ ವ್ಯಾಪಾರ ಕಲಿಸಿದರು ಅನ್ನುವ ಮಾತನ್ನು ಅಲ್ಲಿಗೇ ಬಿಡಬಹುದು.

ಆಮೇಲೆ ಬಂದದ್ದು ಗುಲಾಮರ ವ್ಯಾಪಾರ, 19ನೇ ಶತಮಾನದಲ್ಲಿ ತಾಳೆ ಎಣ್ಣೆ. ಕೋರಮಂಡಲ ತೀರದ ಚೌಕುಳಿ ಬಟ್ಟೆ ಪಶ್ಚಿಮ ಆಫ್ರಿಕಾಕ್ಕೆ ಹೋದದ್ದು ಈ ಹಡಗುಗಳಲ್ಲೇ. ಪುಲಿಕಾಟ್, ಚೀರಾಲದಂಥ ಊರುಗಳ ನೇಕಾರರು ನೇಯ್ದದ್ದನ್ನು ಮದ್ರಾಸಿನ ಹೆಸರಿನಲ್ಲಿ ಸಾಗಿಸುತ್ತಿದ್ದರು. ಅದರಲ್ಲೊಂದಿಷ್ಟು ಬಟ್ಟೆ ಮನುಷ್ಯರ ಬೆಲೆಯಾಗಿ ಸಂದಾಯವಾಗಿದೆ. ಚೌಕುಳಿಯ ಅಂದವನ್ನಷ್ಟೇ ಹೊಗಳಿ ಇದನ್ನು ಮರೆಮಾಚುವುದು ಸರಿಯಲ್ಲ.

ಈ ವ್ಯಾಪಾರ ಕಲಬಾರಿ ಸಮಾಜದ ಕಟ್ಟಡವನ್ನೇ ಬದಲಿಸಿತು. ರಕ್ತಸಂಬಂಧದ ಕುಟುಂಬದ ಜಾಗದಲ್ಲಿ ‘ವಾರಿ’ ಎಂಬ ವ್ಯಾಪಾರಿ ಮನೆತನ ಬೆಳೆಯಿತು: ಒಬ್ಬ ಯಜಮಾನ, ಅವನ ಬಂಧುಗಳು, ಕೊಂಡು ತಂದು ಮನೆಯವರನ್ನಾಗಿ ಮಾಡಿಕೊಂಡ ಗುಲಾಮರು, ಎಲ್ಲರೂ ಸೇರಿ ಒಂದು ಘಟಕ. ಯುದ್ಧದ ದೋಣಿಯೊಂದನ್ನು ಸಜ್ಜುಗೊಳಿಸಿ ಹೊರಡಿಸುವ ತಾಕತ್ತು ಇದ್ದರೆ ಮಾತ್ರ ಅದಕ್ಕೆ ಮಾನ್ಯತೆ. ವ್ಯಾಪಾರದಲ್ಲಿ ಗೆದ್ದರೆ ಗುಲಾಮನಾಗಿ ಬಂದವನೂ ಯಜಮಾನನಾಗಬಹುದಿತ್ತು. ಪಕ್ಕದ ಬೋನಿ ಎಂಬ ರಾಜ್ಯದಲ್ಲಿ ಹಾಗೆಯೇ ಮೇಲೆ ಬಂದ ಜಾಜಾ, ಬೇರೆಯಾಗಿ ಒಪೊಬೊ ರಾಜ್ಯವನ್ನೇ ಕಟ್ಟಿದ. ಬ್ರಿಟಿಷರು 1887ರಲ್ಲಿ ಮಾತುಕತೆಗೆಂದು ಕರೆದು ಅವನನ್ನು ಗಡಿಪಾರು ಮಾಡಿದರು. ಕಲಬಾರಿಯಲ್ಲೂ ಮನೆತನಗಳ ಜಗಳ ಜೋರಾಗಿ, 1880ರ ದಶಕದ ಆರಂಭದಲ್ಲಿ ಹಳೆಯ ರಾಜಧಾನಿ ಎಲೆಮ್ ಕಲಬಾರಿ ಖಾಲಿಯಾಯಿತು. ಬುಗುಮಾ, ಅಬೊನ್ನೆಮಾ, ಬಕಾನಾ ಎಂಬ ಮೂರು ಊರುಗಳು ಎದ್ದವು. ಬುಗುಮಾ 1984ರಲ್ಲಿ ನೂರು ವರ್ಷದ ಹಬ್ಬ ಮಾಡಿಕೊಂಡಿತು.

ಮನೆತನದ ಪ್ರತಿಷ್ಠೆ ಅಳೆಯುವುದು ಬಟ್ಟೆಯ ಪೆಟ್ಟಿಗೆಯಿಂದ. ಗಂಡಸರ ಉಡುಪಿನಲ್ಲೇ ಮೆಟ್ಟಿಲುಗಳಿವೆ: ಕೆಳಗಿನವರಿಗೆ ಎಟಿಬೊ ಎಂಬ ಅಂಗಿ, ಅದರ ಮೇಲಿನವರಿಗೆ ವೊಕೊ, ಮುಖ್ಯಸ್ಥರಿಗೆ ಕಾಲಿನವರೆಗೆ ಇಳಿಯುವ ಡೋನಿ, ಅರಸನಿಗೂ ಅವನ ಸಮೀಪದವರಿಗೂ ಎಬು, ಅಟ್ಟಿಗ್ರಾ. ಇದರಲ್ಲಿ ಎಬು ನಮ್ಮ ಚೌಕುಳಿಯದು. ಹೆಂಗಸರದು ಸೊಂಟಕ್ಕೆ ಸುತ್ತುವ ಜೋಡಿ ಬಟ್ಟೆ, ಒಂದರ ಮೇಲೊಂದು, ಮೇಲಿನದು ಗಿಡ್ಡ. ಹೆಣ್ಣಿನ ಬದುಕಿನ ಘಟ್ಟಗಳನ್ನು ಗುರುತಿಸುವ ಇರಿಯಾ ಆಚರಣೆಯಲ್ಲಿ, ಅದರಲ್ಲೂ ಬಾಣಂತನ ಮುಗಿಸಿ ಹೊರಬರುವಾಗ, ಪೆಟ್ಟಿಗೆಯ ಒಳ್ಳೊಳ್ಳೆಯದೆಲ್ಲ ಮೈಮೇಲೆ ಬರುತ್ತದೆ.

ಆದರೆ ಬಟ್ಟೆಯ ನಿಜವಾದ ಪ್ರದರ್ಶನ ಸಾವಿನ ಮನೆಯಲ್ಲಿ. ಹಿರಿಯರೊಬ್ಬರು ತೀರಿಕೊಂಡರೆ ‘ಎಡೆ’ ಎಂಬ ಶವಮಂಚವನ್ನು ಸಿಂಗರಿಸುತ್ತಾರೆ. ನಮ್ಮ ಎಡೆಗೂ ಇದಕ್ಕೂ ಸಂಬಂಧವಿಲ್ಲ. ಒಂದು ಮಂಚ ಸಾಲದು. ಒಂದೊಂದು ಕೋಣೆಯಲ್ಲೊಂದು ಮಂಚ, ಒಂದೊಂದಕ್ಕೂ ಬೇರೆ ಬೇರೆ ಬಟ್ಟೆ. ಮಂಚದ ಮೇಲೆ, ಗೋಡೆಗೆ, ಚಾವಣಿಗೆ ಎಲ್ಲ ಬಟ್ಟೆಯೇ: ಇಂಜಿರಿ, ಜರಿ ಕೆಲಸದ ಭಾರತದ ಮಖಮಲ್ಲು, ರೇಷ್ಮೆ, ಉಣ್ಣೆ. ಮಡಿಕೆಗಳನ್ನು ಮಡಿಸಿ ಮಡಿಸಿ ವಿನ್ಯಾಸ ಬರಿಸುವ ಪಳಗಿದ ಹೆಂಗಸರಿದ್ದಾರೆ. ಬಂದವರ ಕಣ್ಣು ಮೊದಲು ಹೋಗುವುದು ಆ ಮಡಿಕೆಗಳಿಗೆ. ಹಳೆಯ ಪೆಲೆಟೆ ಬಿಟೆ ಎಷ್ಟಿದೆ, ಯಾರ ಕಾಲದ್ದು ಎಂಬ ಲೆಕ್ಕ ಅಲ್ಲೇ ನಡೆಯುತ್ತದೆ.

ಕಲಬಾರಿಯವರು ನೇಕಾರರಲ್ಲ ಅನ್ನುವುದು ಇಲ್ಲಿ ಮುಖ್ಯ. ನೇಯ್ದ ಬಟ್ಟೆಗೆ ಒಳನಾಡಿನಲ್ಲಿ ಇಗ್ಬೊ ಜನರ ಊರು ಅಕ್ವೆಟೆ ಇತ್ತು. ಅಲ್ಲಿನ ಹೆಂಗಸರು ಮುಖಜಭೂಮಿಯ ಗಿರಾಕಿಗಳಿಗಾಗಿ ‘ಇಕಾಕಿ’, ಅಂದರೆ ಆಮೆಯ ವಿನ್ಯಾಸ ನೇಯುತ್ತಾರೆ. ಕಲಬಾರಿಯವರು ಹಿಡಿದದ್ದು ಬೇರೆ ದಾರಿ: ನೇಯ್ದು ಮುಗಿದ ಬಟ್ಟೆಯಿಂದ ಎಳೆ ಕಳೆಯುವುದು. ಧಾರವಾಡದ ಕಸೂತಿಯಲ್ಲಿ ಎಳೆ ಎಣಿಸಿ ದಾರ ಸೇರಿಸುತ್ತಾರೆ, ಇಲ್ಲಿ ಎಳೆ ಎಣಿಸಿ ತೆಗೆಯುತ್ತಾರೆ. ಅಮೆರಿಕದ ಉಡುಪು ಸಂಶೋಧಕಿ ಜೋಆನ್ ಐಕರ್ ಮತ್ತು ಕಲಬಾರಿಯವರೇ ಆದ ಟೋನ್ಯೆ ಎರೆಕೋಸಿಮಾ 1980ರ ದಶಕದಲ್ಲಿ ಇದನ್ನು ಕೂಲಂಕಷವಾಗಿ ದಾಖಲಿಸಿದರು.

ಈಗ ಕೆಲಸಕ್ಕೆ ಬರೋಣ. ಕಲಿಕೆಗೆ ಅರ್ಧ ಮೀಟರ್ ಬಟ್ಟೆ ಸಾಕು. ಅದು ಅಪ್ಪಟ ಹತ್ತಿಯದಾಗಿರಬೇಕು, ಒಂದು ಮೇಲೆ ಒಂದು ಕೆಳಗೆ ಹೋಗುವ ಸಾದಾ ನೇಯ್ಗೆಯದಾಗಿರಬೇಕು, ನೂಲಿಗೇ ಬಣ್ಣ ಹಾಕಿ ನೇಯ್ದದ್ದಾಗಿರಬೇಕು. ಅಂಗಡಿಯಲ್ಲೇ ಹಿಂಬದಿ ತಿರುಗಿಸಿ ನೋಡಿ. ಅಲ್ಲಿ ಬಣ್ಣ ಮಂಕಾಗಿದ್ದರೆ ಅದು ಪ್ರಿಂಟು, ಉಪಯೋಗವಿಲ್ಲ. ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ: ಪುಡಿ ಬೂದಿಯಾದರೆ ಹತ್ತಿ, ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಬೆರೆತಿದೆ. ಈಗಿನ ಅಗ್ಗದ ಲುಂಗಿಗಳಲ್ಲಿ ಬೆರಕೆಯೇ ಜಾಸ್ತಿ. ಆ ಎಳೆ ನುಣುಪು, ಕತ್ತರಿಸಿದ ತುದಿ ನಿಲ್ಲದೆ ಜಾರುತ್ತದೆ. ಹೊಸ ಬಟ್ಟೆಯ ಗಂಜಿಯನ್ನು ತೊಳೆಯಬೇಡಿ, ಎಳೆಗಳನ್ನು ಜಾಗದಲ್ಲಿ ಹಿಡಿದಿಡುವುದು ಅದೇ.

ಸಾಧನ ಎರಡೇ, ಸಣ್ಣ ಸೂಜಿ ಮತ್ತು ಬ್ಲೇಡು. ಕಲಬಾರಿ ಹೆಂಗಸರು ಬಳಸುವುದೂ ಸೂಜಿ, ಬ್ಲೇಡು ಅಥವಾ ಚಿಕ್ಕ ಚಾಕು. ಕತ್ತರಿಯ ಮೊನೆ ದಪ್ಪ, ಅಕ್ಕಪಕ್ಕದ ಎಳೆಗೂ ತಾಗುತ್ತದೆ. ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ತಿಳಿಬಣ್ಣದ ಗೆರೆಯೊಂದನ್ನು ಆರಿಸಿ. ಕೀಳುವುದು ತಿಳಿ ಎಳೆಗಳನ್ನೇ. ಗಾಢ ಎಳೆಗಳು ಉಳಿದರೆ ವಿನ್ಯಾಸ ಎದ್ದು ಕಾಣುತ್ತದೆ. ಒಂದೇ ಒಂದು ಎಳೆಯ ಕೆಳಗೆ ಸೂಜಿ ತೂರಿಸಿ ಎತ್ತಿ. ಎತ್ತಿದ ಎಳೆಯ ಕೆಳಗೆ ಬ್ಲೇಡಿನ ಮೂಲೆ ಇಟ್ಟು, ಅಲಗು ಮೇಲ್ಮುಖವಾಗಿರುವಂತೆ ಕತ್ತರಿಸಿ. ಅಲಗು ಕೆಳಮುಖವಾದರೆ ಅಡ್ಡ ಹೋಗುವ ಎಳೆಯೂ ತುಂಡಾಗುತ್ತದೆ. ಐದಾರು ಮಿಲಿಮೀಟರ್ ಮುಂದೆ ಅದೇ ಎಳೆಯನ್ನು ಮತ್ತೆ ಕತ್ತರಿಸಿ, ನಡುವಿನ ತುಂಡನ್ನು ಸೂಜಿಯ ತುದಿಯಿಂದ ಎಬ್ಬಿಸಿ ತೆಗೆಯಿರಿ. ಪಕ್ಕದ ಎಳೆಗೂ ಹೀಗೆಯೇ.

ಹಾಸಿನ ಎಳೆ, ಅಂದರೆ ಉದ್ದಕ್ಕೆ ಹೋಗುವುದು, ಮಾತ್ರ ತೆಗೆದ ಕಡೆ ಅಡ್ಡ ಹೋಗುವ ಹೊಕ್ಕು ಏಣಿಯ ಮೆಟ್ಟಿಲಿನಂತೆ ಉಳಿಯುತ್ತದೆ. ಹಾಸು, ಹೊಕ್ಕು ಎರಡನ್ನೂ ತೆಗೆದ ಕಡೆ ಕಿಂಡಿ ಬೀಳುತ್ತದೆ. ಏನೂ ತೆಗೆಯದ ಕಡೆ ಗಾಢ ಚೌಕ. ಈ ಮೂರನ್ನು ಹೆಣೆದರೆ ಆಮೆ, ಚದುರಂಗದ ಮನೆ, ಏನು ಬೇಕಾದರೂ ಬರುತ್ತದೆ. ಎಳೆಯನ್ನು ಕತ್ತರಿಸದೆ ಒಂದೇ ದಿಕ್ಕಿನಲ್ಲಿ ಉದ್ದಕ್ಕೂ ಎಳೆದು ತೆಗೆದರೆ ಅದಕ್ಕೆ ಫಿಮಾಟೆ ಬಿಟೆ ಎಂದು ಹೆಸರು. ಅದು ಸುಲಭ, ಆದರೆ ಪಟ್ಟೆ ಬಿಟ್ಟು ಬೇರೆ ವಿನ್ಯಾಸ ಕಷ್ಟ.

ಕೆಡುವುದು ಹೆಚ್ಚಾಗಿ ಮೂರು ಕಡೆ. ದುರಾಸೆಗೆ ಬಿದ್ದು ಎರಡು ಸೆಂಟಿಮೀಟರ್ ಉದ್ದದ ತುಂಡು ಎಳೆದರೆ ಸುತ್ತಲ ಬಟ್ಟೆ ಸುಕ್ಕುಗಟ್ಟುತ್ತದೆ. ಎರಡು ಕಿಂಡಿಗಳ ನಡುವೆ ಮೂರು ನಾಲ್ಕು ಮಿಲಿಮೀಟರ್ ಗಟ್ಟಿ ಬಟ್ಟೆ ಬಿಡದಿದ್ದರೆ ಅವು ಒಂದಾಗಿ ಹರಿಯುತ್ತವೆ. ಇಲ್ಲಿ ಅಂಚು ಕಟ್ಟುವ ಹೊಲಿಗೆಯೇ ಇಲ್ಲ, ತುದಿಗಳನ್ನು ಹಿಡಿದಿರುವುದು ಎಳೆಗಳ ಉಜ್ಜಾಟ ಮಾತ್ರ. ಅದಕ್ಕೇ ಸಡಿಲ ನೇಯ್ಗೆ ಬೇಡ ಎನ್ನುವುದು. ಮೂರನೆಯದು ಬೆಳಕು: ಸಂಜೆ ಟ್ಯೂಬ್‌ಲೈಟಿನ ಕೆಳಗೆ ಗಾಢ ನೀಲಿ, ಕಪ್ಪು ಒಂದೇ ಆಗಿ ಕಾಣುತ್ತವೆ. ತಪ್ಪು ಎಳೆ ತುಂಡಾದರೆ ಮತ್ತೆ ಸೇರಿಸುವ ಉಪಾಯವಿಲ್ಲ. ಅಲ್ಲೊಂದು ಕಿಂಡಿ ಎಂದು ಒಪ್ಪಿಕೊಂಡು ವಿನ್ಯಾಸವನ್ನೇ ಅದಕ್ಕೆ ಹೊಂದಿಸಬೇಕು.

ಅಂಗೈಯಗಲದ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ, ಉಡುವ ಬಟ್ಟೆಗೆ ವಾರಗಟ್ಟಲೆ. ಮುಗಿದದ್ದನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ಇಳಿಸಿ, ಚಾಪೆಯ ಮೇಲೆ ನೆರಳಲ್ಲಿ ಹರಡಿ. ತೆಳು ಗಂಜಿ ಕೊಟ್ಟು, ಮೇಲೆ ಇನ್ನೊಂದು ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಇಸ್ತ್ರಿಪೆಟ್ಟಿಗೆಯ ಮೂಗು ನೇರವಾಗಿ ಕಿಂಡಿಗೆ ಸಿಕ್ಕಿದರೆ ಹರಿಯುತ್ತದೆ.